ಬ್ಯಾಟಿಗಿಂತ ಮೊದಲು ಕಣ್ಣಿಗೆ ತಾಲೀಮು

ಕ್ರಿಕೆಟ್‌ನಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬೌಲರ್ ಕೈಯಿಂದ ಹೊರಟ ಚೆಂಡು ಬ್ಯಾಟರ್ ಬಳಿ ಬರಲು ಹೆಚ್ಚುಕಡಿಮೆ ಅರ್ಧ ಸೆಕೆಂಡು ಸಾಕು. ಕಂಡದ್ದನ್ನು ಮಿದುಳು ಗ್ರಹಿಸಿ ಕೈಗೆ ಅಪ್ಪಣೆ ಕೊಡುವಷ್ಟರಲ್ಲೇ ಅದರಲ್ಲಿ ಸುಮಾರು 0.2 ಸೆಕೆಂಡು ಮುಗಿದಿರುತ್ತದೆ. ಈ ಪ್ರತಿಕ್ರಿಯಾ ಸಮಯವನ್ನು ಎಷ್ಟು ತಾಲೀಮು ಮಾಡಿದರೂ ಅರ್ಧಕ್ಕೆ ಇಳಿಸಲಾಗದು. ಹಾಗೆ ಭರವಸೆ ಕೊಡುವ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ. ಆದರೆ ಚೆಂಡು ಎಲ್ಲಿಗೆ ಬರಲಿದೆ ಎಂಬುದನ್ನು ಬೇಗ ಗುರುತಿಸುವಂತೆ ಕಣ್ಣನ್ನು ಪಳಗಿಸಬಹುದು. ಕೈಗೆ ಹೆಚ್ಚಿನ ಸಮಯ ದೊರಕಿಸಿಕೊಡುವ ದಾರಿ ಅದೇ.

ತಾಲೀಮಿಗೆ ಮೊದಲು ಕಣ್ಣಿನ ಪರೀಕ್ಷೆ ಆಗಲೇಬೇಕು. ಒಂದು ಕಣ್ಣು ಮಂಜಾಗಿದ್ದರೂ ಇನ್ನೊಂದು ಅದನ್ನು ಮರೆಮಾಚುವುದರಿಂದ ಮಕ್ಕಳಿಗೆ ತಮ್ಮ ದೋಷ ತಿಳಿದಿರುವುದಿಲ್ಲ. ಆದ್ದರಿಂದ ಪ್ರತಿ ಕಣ್ಣನ್ನೂ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಿ. ತರಗತಿಯಲ್ಲಿ ಕನ್ನಡಕ ಹಾಕಿ ಮೈದಾನದಲ್ಲಿ ತೆಗೆದಿಡುವ ಮಕ್ಕಳಿಗೆ ಆಟಕ್ಕೆಂದೇ ಇರುವ, ಒಡೆಯದ ಮಸೂರದ ಕನ್ನಡಕದ ಬಗ್ಗೆ ವೈದ್ಯರನ್ನು ಕೇಳಿ.

ಈಗಿನ ಸ್ಥಿತಿಯನ್ನು ಅಳೆದಿಟ್ಟುಕೊಳ್ಳಲು 30 ಸೆಂ.ಮೀ. ಉದ್ದದ ಸ್ಕೇಲು ಸಾಕು. ಗೆಳೆಯರೊಬ್ಬರು ಸ್ಕೇಲನ್ನು ನೆಟ್ಟಗೆ ಹಿಡಿದು, ಸೊನ್ನೆಯ ಗುರುತು ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇರುವಂತೆ ತೂಗಬಿಟ್ಟು, ಸುಳಿವು ಕೊಡದೆ ಕೈಬಿಡಲಿ. 20 ಸೆಂ.ಮೀ. ಗುರುತಿನಲ್ಲಿ ಹಿಡಿದರೆ ನಿಮ್ಮ ಸಮಯ ಸುಮಾರು 0.20 ಸೆಕೆಂಡು, 25ರಲ್ಲಿ ಹಿಡಿದರೆ ಸುಮಾರು 0.23 ಸೆಕೆಂಡು. ಹತ್ತು ಸಲ ಮಾಡಿ, ಸರಾಸರಿಯನ್ನು ಪುಸ್ತಕದಲ್ಲಿ ಬರೆದಿಡಿ.

ಮುಂದಿನದು ಎರಡೂ ಕಣ್ಣುಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡುವ ಮಣಿದಾರದ ಅಭ್ಯಾಸ. ಕಣ್ಣಿನ ತಜ್ಞರು ಇದನ್ನು ಬ್ರಾಕ್ ದಾರ ಎನ್ನುತ್ತಾರೆ. ಮೂರು ಮೀಟರ್ ದಾರಕ್ಕೆ ಕೆಂಪು, ಹಸಿರು, ಹಳದಿ ಮಣಿಗಳನ್ನು ಪೋಣಿಸಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಮೂಗಿನ ತುದಿಗೆ ಒತ್ತಿ ಹಿಡಿಯಿರಿ. ನಡುವಿನ ಮಣಿಯನ್ನು ದಿಟ್ಟಿಸಿದಾಗ ದಾರವು ಎರಡಾಗಿ ಕಂಡು, ಆ ಎರಡು ದಾರಗಳು ಸರಿಯಾಗಿ ಮಣಿಯ ಮೇಲೆಯೇ ಕತ್ತರಿಯಂತೆ ದಾಟಬೇಕು, ಉಳಿದ ಮಣಿಗಳು ಜೋಡಿಯಾಗಿ ಕಾಣಬೇಕು. ಇದು ದೋಷವಲ್ಲ, ಎರಡೂ ಕಣ್ಣು ಕೆಲಸ ಮಾಡುತ್ತಿರುವುದರ ಗುರುತು. ಬದಲಿಗೆ ಒಂದೇ ದಾರ ಕಂಡರೆ, ಅಥವಾ ಒಂದು ದಾರ ಪದೇ ಪದೇ ಮಾಯವಾದರೆ, ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸರಿಯಾಗಿದ್ದರೆ ಹತ್ತಿರದ ಮಣಿಯಿಂದ ದೂರದ ಮಣಿಗೆ, ಅಲ್ಲಿಂದ ಮರಳಿ ಹತ್ತಿರಕ್ಕೆ ದಿನಕ್ಕೆ ಮೂರು ನಾಲ್ಕು ನಿಮಿಷ ದೃಷ್ಟಿ ಬದಲಿಸುತ್ತಿರಿ.

ಕೈಯನ್ನು ಜೊತೆಗೂಡಿಸಲು ಗೋಡೆ ಮತ್ತು ಟೆನಿಸ್ ಚೆಂಡು ಬೇಕು. ಚೆಂಡಿನ ಮೇಲೆ ನಾಲ್ಕು ಕಡೆ ದಪ್ಪ ಅಕ್ಷರ ಬರೆದು, ಗೋಡೆಗೆ ಎಸೆದು, ಮರಳಿ ಬರುವಾಗ ಕಂಡ ಅಕ್ಷರವನ್ನು ಗಟ್ಟಿಯಾಗಿ ಹೇಳಿ ಒಂದೇ ಕೈಯಲ್ಲಿ ಹಿಡಿಯಿರಿ. ಸುಲಭವೆನಿಸಿದಾಗ ಒಂದು ಹೆಜ್ಜೆ ಮುಂದೆ ಬನ್ನಿ. ಆಸ್ಟ್ರೇಲಿಯಾದ ಹೆಸರಾಂತ ಬ್ಯಾಟರ್ ಡಾನ್ ಬ್ರಾಡ್ಮನ್ ಬಾಲ್ಯದಲ್ಲಿ, ಅಲ್ಲಿನ ಊರಾದ ಬೌರಲ್‌ನ ಮನೆಯ ಹಿಂದೆ, ನೀರಿನ ತೊಟ್ಟಿಯ ದುಂಡನೆಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆದು, ಅದು ಅಡ್ಡಾದಿಡ್ಡಿ ಪುಟಿದು ಬರುವಾಗ ಬ್ಯಾಟಿನ ಬದಲು ಸ್ಟಂಪಿನಿಂದ ಹೊಡೆಯುತ್ತಿದ್ದರು. ಚೆಂಡೂ ಚಿಕ್ಕದು, ಕೋಲೂ ಸಣ್ಣದು, ಪುಟಿಯುವ ದಿಕ್ಕೂ ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ತಾಲೀಮನ್ನು ನಾನು ಸೂಚಿಸಲಾರೆ.

ಇನ್ನು ಮುಖ್ಯ ಹಂತ. ‘ಚೆಂಡಿನ ಮೇಲಿಂದ ಕಣ್ಣು ತೆಗೆಯಬೇಡ’ ಎಂದು ಎಲ್ಲ ಕೋಚ್‌ಗಳೂ ಹೇಳುತ್ತಾರೆ, ಆದರೆ ಆ ಮಾತು ಅರ್ಧ ಮಾತ್ರ ನಿಜ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ ಎಂಬ ಬ್ರಿಟನ್ನಿನ ವಿಜ್ಞಾನಿಗಳು ಬ್ಯಾಟರ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಯಾಟರ್‌ನ ಕಣ್ಣು ಚೆಂಡನ್ನು ಉದ್ದಕ್ಕೂ ಹಿಂಬಾಲಿಸುವುದಿಲ್ಲ, ಚೆಂಡು ಹೊರಟ ಕ್ಷಣವನ್ನು ನೋಡಿ ಅದು ನೆಲಕ್ಕೆ ಬೀಳುವ ಜಾಗಕ್ಕೆ ಮೊದಲೇ ಜಿಗಿದು ಅಲ್ಲಿ ಕಾಯುತ್ತದೆ ಎಂದು ಕಂಡುಬಂತು. ನುರಿತ ಬ್ಯಾಟರ್‌ನ ಕಣ್ಣು ಇತರರಿಗಿಂತ ಬೇಗ ಜಿಗಿಯುತ್ತಿತ್ತು. 1961ರಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡ ಭಾರತದ ಬ್ಯಾಟರ್ ಮನ್ಸೂರ್ ಅಲಿ ಖಾನ್ ಪಟೌಡಿ ಅದೇ ವರ್ಷ ಟೆಸ್ಟ್‌ಗೆ ಇಳಿದು, ಮುಂದೆ ಆರು ಶತಕ ಹೊಡೆದದ್ದನ್ನು ನೆನೆದಾಗಲೆಲ್ಲ, ಆಟದಲ್ಲಿ ಕಣ್ಣಿನ ಶಕ್ತಿಯಷ್ಟೇ ಕಣ್ಣಿನ ತಿಳಿವಳಿಕೆಯೂ ದೊಡ್ಡದು ಎಂದು ನನಗೆ ಅನಿಸುತ್ತದೆ.

ಇದನ್ನು ಅಭ್ಯಾಸ ಮಾಡಲು, ನೆಟ್ಸ್‌ನಲ್ಲಿ, ಅಂದರೆ ಬಲೆ ಕಟ್ಟಿದ ಅಭ್ಯಾಸದ ಅಂಕಣದಲ್ಲಿ, ಬ್ಯಾಟ್ ಕೆಳಗಿಟ್ಟು, ಬ್ಯಾಟರ್‌ನ ಹಿಂಭಾಗದ ಬಲೆಯ ಆಚೆ, ಬಲೆಯಿಂದ ಎರಡು ಹೆಜ್ಜೆ ದೂರ ನಿಲ್ಲಿ. ಬೌಲರ್ ಓಡಿ ಬರುವಾಗ ಇಡೀ ಮೈಯನ್ನು ಸುಮ್ಮನೆ ನೋಡುತ್ತಿದ್ದು, ಕೈ ಮೇಲೇರಿದಾಗ ಚೆಂಡು ಬಿಡುವ ಜಾಗಕ್ಕೆ ದೃಷ್ಟಿ ನೆಡಿ. ಚೆಂಡು ಕೈಬಿಟ್ಟೊಡನೆ ಅದರ ಲೆಂಗ್ತನ್ನು, ಅಂದರೆ ಅದು ಬ್ಯಾಟರ್‌ನಿಂದ ಎಷ್ಟು ದೂರದಲ್ಲಿ ನೆಲಕ್ಕೆ ಬೀಳುತ್ತದೆ ಎಂಬುದನ್ನು, ‘ಶಾರ್ಟ್’ (ದೂರ), ‘ಗುಡ್ ಲೆಂಗ್ತ್’ (ನಡುವೆ) ಅಥವಾ ‘ಫುಲ್’ (ಹತ್ತಿರ) ಎಂದು ಕೂಗಿ, ಚೆಂಡು ಬಿದ್ದಾಗ ಸರಿಯೋ ತಪ್ಪೋ ನೋಡಿ. ಎರಡು ವಾರಗಳ ಬಳಿಕ, ಚೆಂಡು ಹೊರಟ ಕೂಡಲೇ ಕಣ್ಣು ಮುಚ್ಚಿ ಉತ್ತರಿಸಿ. ಸ್ಪಿನ್ನರ್‌ಗಳಾದರೆ ಮಣಿಕಟ್ಟು ತಿರುಗುವ ದಿಕ್ಕನ್ನು ಹೇಳಿ. ಹತ್ತು ಚೆಂಡಿಗೆ ಎಷ್ಟು ಸರಿ ಎಂಬುದು ಅದೇ ಪುಸ್ತಕಕ್ಕೆ ಹೋಗಲಿ.

ಓರೆನೋಟಕ್ಕೆ ನಮ್ಮ ಹೆಣ್ಣುಮಕ್ಕಳು ಜಗಲಿಯಲ್ಲಿ ಆಡುವ ಐದು ಕಲ್ಲಿನ ಆಟವನ್ನೇ ಸೂಚಿಸುತ್ತೇನೆ. ಕಣ್ಣು ಮೇಲೆ ಹಾರಿದ ಕಲ್ಲಿನ ಮೇಲಿರುವಾಗ ಕೈ ನೆಲದ ಕಲ್ಲುಗಳನ್ನು ನೇರವಾಗಿ ನೋಡದೆಯೇ ಬಾಚಿಕೊಳ್ಳುತ್ತದೆ. ವಿಕೆಟ್ ಕೀಪರ್ ಪಕ್ಕದ ಸ್ಲಿಪ್ ಜಾಗದಲ್ಲಿ ನಿಂತು ಹಿಡಿಯುವ ಕ್ಯಾಚಿಗೂ ಬೇಕಾದದ್ದು ಇಂಥದೇ ಹೊಂದಾಣಿಕೆ. 164 ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದ ನಮ್ಮ ರಾಹುಲ್ ದ್ರಾವಿಡ್ ಅವರ ಹಳೆಯ ವಿಡಿಯೊಗಳಲ್ಲಿ ಅವರ ತಲೆ ಎಷ್ಟು ನಿಶ್ಚಲವಾಗಿರುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಿ.

ನೋಟವನ್ನು ಕ್ಷಣಕ್ಷಣಕ್ಕೂ ಮರೆಮಾಡುವ ಮಿನುಗುವ ಕನ್ನಡಕ, ಹೊತ್ತಿದ ದೀಪವನ್ನು ಬೇಗ ಮುಟ್ಟಬೇಕಾದ ದೀಪದ ಹಲಗೆಗಳಂಥ ದುಬಾರಿ ಸಾಧನಗಳಿಂದ ಆ ಸಾಧನದ ಮೇಲಿನ ಅಂಕ ಬೇಗ ಏರುತ್ತದೆ, ಮೈದಾನದಲ್ಲಿ ಅಷ್ಟೇ ಫಲ ಸಿಗುವುದೆಂಬ ಖಾತರಿಯಿಲ್ಲ. ಆ ಹಣವನ್ನು ಚೆಂಡುಗಳಿಗೆ ಖರ್ಚು ಮಾಡಿ.

ವಾರಕ್ಕೆ ನಾಲ್ಕು ದಿನ, ಇಪ್ಪತ್ತು ನಿಮಿಷದಂತೆ ಆರು ವಾರ ನಡೆಸಿ ಪುಸ್ತಕ ತೆರೆಯಿರಿ. ಸ್ಕೇಲಿನ ಅಂಕಿ ಅಲ್ಪಸ್ವಲ್ಪವೇ ಕದಲಿದ್ದರೆ ಬೇಸರ ಬೇಡ. ಹತ್ತರಲ್ಲಿ ನಾಲ್ಕು ಸಲ ಲೆಂಗ್ತ್ ಸರಿಯಾಗಿ ಹೇಳುತ್ತಿದ್ದ ಹುಡುಗಿ ಏಳು ಸಲ ಹೇಳತೊಡಗಿದ್ದರೆ, ನೆಟ್ಸ್‌ನ ಪಕ್ಕ ನಿಂತು ಅವಳ ಮುಂಗಾಲನ್ನು ಗಮನಿಸಿ: ಮೊದಲು ತಡಬಡಾಯಿಸಿ ಇಡುತ್ತಿದ್ದ ಹೆಜ್ಜೆ, ಈಗ ಚೆಂಡು ಪುಟಿಯುವ ಹೊತ್ತಿಗೆ ಊರಿ ನಿಂತಿರುತ್ತದೆ.