ನಾಟಕದ ತಾಲೀಮು ಮೈದಾನದಲ್ಲಿ ಮಾಡಿಸಿ
ಶಾಲೆಯ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಹೈಸ್ಕೂಲ್ ಮಕ್ಕಳಿಂದ ಕಿರುನಾಟಕ ಮಾಡಿಸುತ್ತಿದ್ದೀರಾ? ತಾಲೀಮನ್ನು ಕೋಣೆಯೊಳಗೆ ಮಾಡಿಸಬೇಡಿ, ಮೈದಾನದಲ್ಲಿ ಮಾಡಿಸಿ. ಒಬ್ಬ ಹುಡುಗನನ್ನು 30 ಹೆಜ್ಜೆ ದೂರ ಕೂರಿಸಿ. ಮಾತು ಕೇಳಿಸದಿದ್ದರೆ ಅವನು ಕೈ ಎತ್ತಲಿ, ಆ ಸಾಲನ್ನು ಮತ್ತೆ ಹೇಳಿಸಿ. ಹೋದ ವರ್ಷ ನಮ್ಮ ಮಕ್ಕಳೆಲ್ಲ ಒಂದೇ ಮೈಕಿನ ಮುಂದೆ ಗುಂಪಾಗಿ ನಿಂತುಬಿಟ್ಟರು. ಅಭಿನಯವೇ ಕಾಣಲಿಲ್ಲ, ನನಗೆ ತುಂಬಾ ಬೇಜಾರಾಯಿತು.

ಇನ್ನೊಂದು ಮಾತು. ಸಂಭಾಷಣೆ ನಮ್ಮ ಬಾಗಲಕೋಟೆ ಮಾತಿನಲ್ಲೇ ಇರಲಿ. ‘ಏನು ಮಾಡುತ್ತಿದ್ದೀಯ’ ಎನ್ನಲು ತಡವರಿಸುವ ಹುಡುಗಿ ‘ಏನ್ ಮಾಡಾಕತ್ತಿ’ ಎನ್ನುವಾಗ ತಾನಾಗಿಯೇ ಕೈ ಆಡಿಸುತ್ತಾಳೆ, ಅಲ್ವಾ? ನಮ್ಮ ಕಡೆಯ ಜನಪದ ನಾಟಕ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ, ದೂತಿ ಎಂಬ ಪಾತ್ರಗಳು ಜನರನ್ನು ನಗಿಸುವುದು ಇಂಥ ಆಡುಮಾತಿನಿಂದಲೇ. ಮಕ್ಕಳಿಗೆ ಒಮ್ಮೆ ಪಾರಿಜಾತದ ಆಟ ತೋರಿಸಿ. ನಾಟಕ 10 ನಿಮಿಷಕ್ಕಿಂತ ಜಾಸ್ತಿ ಬೇಡ.