ಕುಕ್ಕರ್ ಇದೆ ಅಂದರೆ ಕುಕ್ಕರ್ ಇದೆ ಅಂತಲ್ಲ

ಇಂಗ್ಲೆಂಡಿಗೆ ಹೊರಟವರು ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುವ ಹೊತ್ತಿಗೆ ಫೋನ್ ಮಾಡಿ ಕೇಳುತ್ತಾರೆ: "ಅಕ್ಕಾ, ಬಾಡಿಗೆ ಮನೇಲಿ ಕುಕ್ಕರ್ ಇದೆಯಂತೆ, ನಮ್ಮದನ್ನ ತೆಗೆದಿಡಲಾ?" ತೆಗೀಬೇಡಿ. ಬ್ಯಾಂಕು, ಜಿಪಿ ಅನ್ನುವ ಇಲ್ಲಿನ ಫ್ಯಾಮಿಲಿ ಡಾಕ್ಟರು, ಕೌನ್ಸಿಲ್ ಟ್ಯಾಕ್ಸ್ ಅನ್ನುವ ಮನೆ ತೆರಿಗೆ ಎಲ್ಲ ಮೊದಲ ವಾರವೇ ಮುಗಿಸಿಕೊಳ್ಳಿ, ಅದನ್ನು ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ಕುಕ್ಕರಿನ ವಿಷಯ ಯಾರೂ ಹೇಳಲ್ಲ.

ನನಗೂ ಯಾರೂ ಹೇಳಿರಲಿಲ್ಲ. ಬ್ಯಾಗು 23 ಕಿಲೋ ಮೀರಿತ್ತು. ಬಾಡಿಗೆ ಜಾಹೀರಾತಿನಲ್ಲಿ ಫ್ರಿಜ್, ವಾಷಿಂಗ್ ಮಷೀನ್, ಕುಕ್ಕರ್ ಅಂತ ಸ್ಪಷ್ಟವಾಗಿ ಬರೆದಿತ್ತು. "ಅವರೂ ಬೇಳೆ ಬೇಯಿಸ್ತಾರೇನೋ, ಯಾರಿಗೆ ಗೊತ್ತು" ಅನ್ನುತ್ತಲೇ ಅಮ್ಮ ಕುಕ್ಕರ್ ಹೊರಗಿಟ್ಟು, ಆ ಜಾಗಕ್ಕೆ ತೊಗರಿಬೇಳೆ ತುರುಕಿದರು. ರಾತ್ರಿ ಹತ್ತಕ್ಕೆ ಮನೆ ಸೇರಿ, ಕೋಟು ಕೂಡ ಬಿಚ್ಚದೆ ಒಂದೊಂದೇ ಕಪಾಟು ತೆಗೆದು ಹುಡುಕಿದೆ. ಸಿಂಕಿನ ಕೆಳಗೂ ಬಗ್ಗಿ ನೋಡಿದೆ. ಕೊನೆಗೆ ಮನೆ ಒಡತಿಗೆ ಫೋನ್ ಮಾಡಿದರೆ, "ನಿಮ್ಮ ಎದುರಿಗೇ ಇರಬೇಕಲ್ಲ" ಅಂದರು. ಎದುರಿಗಿದ್ದದ್ದು ಒಲೆ. ಅದರೊಳಗೆ ಇಟ್ಟಿರಬಹುದೇನೋ ಅಂತ ಓವನ್ನಿನ ಬಾಗಿಲು ತೆಗೆದು ಕೈಯನ್ನೂ ಹಾಕಿದೆ. ಹಿಂದಿನವರು ಬಿಟ್ಟುಹೋದ ಕರಿ ಹಿಡಿದ ಬ್ರೆಡ್ಡಿನ ಚೂರು ಸಿಕ್ಕಿತು.

ಬ್ರಿಟನ್ನಿನಲ್ಲಿ ಕುಕ್ಕರ್ ಅಂದರೆ ಒಲೆ. ಮೇಲ್ಭಾಗ ಹಾಬ್, ಕೆಳಗಿನ ಪೆಟ್ಟಿಗೆ ಓವನ್, ಮೇಲಿನಿಂದ ಕಾವು ಬೀಳುವುದು ಗ್ರಿಲ್, ಮೂರೂ ಸೇರಿದರೆ ಕುಕ್ಕರ್. ನಮ್ಮದು ಬೇಕಾದರೆ ಪ್ರೆಶರ್ ಕುಕ್ಕರ್ ಅಂತ ಪೂರ್ತಿ ಹೆಸರು ಹೇಳಬೇಕು. ಅಮೆರಿಕದವರು ಒಲೆಗೆ ಸ್ಟೋವ್ ಅಥವಾ ರೇಂಜ್ ಅಂತಾರೆ, ಇಲ್ಲಿನ ಗ್ರಿಲ್ಲಿಗೆ ಬ್ರಾಯ್ಲರ್ ಅಂತಾರೆ. ನಮಗೋ ಬ್ರಾಯ್ಲರ್ ಅಂದರೆ ಕೋಳಿ. ಇಲ್ಲಿ ಸಂತೆಯಲ್ಲಿ ಕುಕ್ಕರ್ ಅಂತ ಚೀಟಿ ನೆಟ್ಟ ಬುಟ್ಟಿ ಕಂಡರೆ ಅದರಲ್ಲಿರುವುದು ಬೇಯಿಸಿ ತಿನ್ನುವ ಹುಳಿ ಸೇಬು. ಕಚ್ಚಿ ನೋಡಬೇಡಿ, ನಾನು ನೋಡಿದ್ದೇನೆ. ಅಡುಗೆ ಮಾಡುವ ಮನುಷ್ಯರು ಬರೀ ಕುಕ್. ನಮ್ಮನೆಯವರು ಆಫೀಸಿನ ಪಾರ್ಟಿಯಲ್ಲಿ "ನನ್ನ ಹೆಂಡತಿ ಒಳ್ಳೆಯ ಕುಕ್ಕರ್" ಅಂತ ಇಂಗ್ಲಿಷಿನಲ್ಲಿ ಹೊಗಳಿ ನನ್ನನ್ನು ಒಲೆ ಮಾಡಿ ಬಂದರು. ಹಾಗೆಯೇ ಹೊಗೆ ಎಳೆಯುವ ಯಂತ್ರಕ್ಕೆ ಚಿಮಣಿ ಅನ್ನಬೇಡಿ, ಅದು ಕುಕ್ಕರ್ ಹುಡ್. ಚಿಮಣಿ ಕೆಟ್ಟಿದೆ ಅಂದರೆ ಛಾವಣಿ ನೋಡಲು ಬರುತ್ತಾರೆ.

ಇನ್ನು ಆ ಕೆಂಪು ಸ್ವಿಚ್ಚು. ವಿದ್ಯುತ್ ಕುಕ್ಕರಿಗೆ ಗೋಡೆಯ ಮೇಲೆ ಬೇರೆಯೇ ದೊಡ್ಡ ಸ್ವಿಚ್ ಇರುತ್ತದೆ, ಸಾಮಾನ್ಯವಾಗಿ 45 ಆಂಪಿಯರಿನದು. ಅದು ಗೀಸರಿನದು ಅಂದುಕೊಂಡು, ಕರೆಂಟು ಉಳಿಸುವ ನಮ್ಮ ಅಭ್ಯಾಸದಂತೆ ಮೊದಲ ರಾತ್ರಿಯೇ ಆರಿಸಿದ್ದೆ. ಮೂರು ದಿನ ಬ್ರೆಡ್ಡು ತಿಂದು, ಒಲೆ ಕೆಟ್ಟಿದೆ ಅಂತ ದೂರು ಕೊಟ್ಟೆ. ಒಬ್ಬ ಬಂದ. ಚೀಲವನ್ನು ಕೆಳಗೂ ಇಡದೆ ಒಂದು ಬೆರಳಿನಿಂದ ಸ್ವಿಚ್ ಒತ್ತಿ, ಚಹಾ ಕೂಡ ಕುಡಿಯದೆ ಹೋದ.

ಆಮೇಲೆ ಊರಿಂದ ಬಂದವರ ಕೈಯಲ್ಲಿ ಅಮ್ಮ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಕಳಿಸಿದರು. ಆ ಮನೆಯಲ್ಲಿ ಆರು ವರ್ಷ ಅದು ಚೆನ್ನಾಗಿಯೇ ಕೂಗಿತು. ಮನೆ ಬದಲಿಸಿದಾಗ ಸಿಕ್ಕಿದ್ದು ಇಂಡಕ್ಷನ್ ಹಾಬ್, ಅದರ ಮೇಲೆ ಅಲ್ಯೂಮಿನಿಯಂ ಕಾಯುವುದೇ ಇಲ್ಲ. ತಳಕ್ಕೆ ಮ್ಯಾಗ್ನೆಟ್ ಅಂಟಿದರೆ ಮಾತ್ರ ಆ ಹಾಬ್ ಪಾತ್ರೆಯನ್ನು ಗುರುತಿಸುತ್ತದೆ. ಆದ್ದರಿಂದ ನೀವು ಅಂಗಡಿಗೆ ಹೋಗುವಾಗಲೇ ಫ್ರಿಜ್ಜಿನ ಒಂದು ಮ್ಯಾಗ್ನೆಟ್ ಕಿತ್ತು ಪರ್ಸಿನಲ್ಲಿಟ್ಟುಕೊಳ್ಳಿ. ಸ್ಟೀಲ್ ಅಂದ ಮಾತ್ರಕ್ಕೆ ಎಲ್ಲವೂ ಅಂಟಲ್ಲ.

ನಿಜ ಹೇಳಬೇಕೆಂದರೆ ಹಳೆ ಕುಕ್ಕರ್ ಬಿಡಲು ಹಾಬ್ ಒಂದು ನೆಪವಾಗಿತ್ತು. ಅದರ ಕೂಗಿಗೆ ಪಕ್ಕದ ಮನೆಯಾಕೆ ಒಮ್ಮೆ ಓಡಿ ಬಂದು "ಎಲ್ಲ ಸರಿ ಇದೆಯಾ?" ಅಂದಿದ್ದರು. ಪಾಪ, ಕಾಳಜಿಯಿಂದಲೇ. ಆದರೆ ನಾನು ಅವತ್ತಿನಿಂದ ಅವರ ಕಾರು ಹೊರಟ ಮೇಲೆಯೇ ಬೇಳೆ ಇಡುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ. ಈ ಪಾತ್ರೆ ಹುಟ್ಟಿದ್ದು ಇದೇ ದೇಶದಲ್ಲಿ! ಡೆನಿ ಪಾಪೆನ್ ಎಂಬ ಫ್ರೆಂಚ್ ಮನುಷ್ಯ, ನಮ್ಮ ಹಾಗೇ ಊರು ಬಿಟ್ಟು ಬಂದವನು, 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಅದನ್ನು ತೋರಿಸಿದ. ಡೈಜೆಸ್ಟರ್ ಅಂತ ಹೆಸರಿಟ್ಟಿದ್ದ. 1682ರಲ್ಲಿ ಅದರಲ್ಲೇ ಬೇಯಿಸಿ ಊಟ ಹಾಕಿದಾಗ ಮೂಳೆ ಕೂಡ ಮೆತ್ತಗಾಗಿತ್ತಂತೆ. ಇಷ್ಟೆಲ್ಲ ಆಗಿರುವ ನಾಡಿನಲ್ಲಿ ನಾನು ಕಳ್ಳಿಯ ಹಾಗೆ ಬೇಳೆ ಬೇಯಿಸಿದೆ.

ಹೊಸದಾಗಿ ಇಲ್ಲೇ ಕೊಂಡ ಸ್ಟೀಲ್ ಕುಕ್ಕರ್ ಕೂಗುವುದಿಲ್ಲ. ಸ್ಪ್ರಿಂಗಿನ ವಾಲ್ವು, ಕಡ್ಡಿಯೊಂದು ಮೇಲೆದ್ದು ನಿಲ್ಲುತ್ತದೆ, ಅಷ್ಟೇ. ಅಮ್ಮನಿಗೆ "ಕಡಲೆಕಾಳಿಗೆ ಎಷ್ಟು ಕೂಗು?" ಅಂತ ಕೇಳುತ್ತಿದ್ದ ಫೋನೂ ಅಲ್ಲಿಗೆ ನಿಂತಿತು, ನಿಮಿಷದ ಲೆಕ್ಕ ಅವರಿಗೆ ಗೊತ್ತಿಲ್ಲ. ಬೇರೆ ಕೋಣೆಯಲ್ಲಿ ಬಟ್ಟೆ ಮಡಚುತ್ತಾ, ಎರಡಾಯ್ತು, ಇನ್ನೊಂದು ಅಂತ ಕಿವಿಯಲ್ಲೇ ಅಡುಗೆ ಮಾಡುವ ವಿದ್ಯೆ ನನ್ನ ಮಗಳಿಗೆ ಬರಲ್ಲ.

ಆದರೆ ಹೆಸರಿನ ಜಗಳ ಬಗೆಹರಿಸಿದವಳು ಅವಳೇ. ಮೂರು ವರ್ಷದವಳಿದ್ದಾಗ, ಹಳೆ ಮನೆಯಲ್ಲಿ. ನರ್ಸರಿಯಲ್ಲಿ ಕುಕ್ಕರ್ ಅಂದರೆ ಒಲೆ, ಮನೆಯಲ್ಲಿ ಕುಕ್ಕರ್ ಅಂದರೆ ಪಾತ್ರೆ. ಅವಳು ಇಂಗ್ಲಿಷಿನದನ್ನು ಇಂಗ್ಲಿಷಿಗೇ ಬಿಟ್ಟು, ನಮ್ಮದನ್ನು "ಕೂಗೋದು" ಅಂತ ಕರೆದಳು. ನಮ್ಮ ಬಾಯಿಗೂ ಅದೇ ಬಂತು. ಕೂಗದೇ ಇರುವ ಈ ಸ್ಟೀಲಿನದಕ್ಕೂ ಅದೇ ಹೆಸರು ಉಳಿದಿದೆ. ಹನ್ನೆರಡು ನಿಮಿಷಕ್ಕೆ ಮೊಬೈಲು ಗುಂಯ್‌ಗುಟ್ಟಿದಾಗ ಮಹಡಿ ಮೇಲಿಂದ ಅವಳೇ ಕೂಗುತ್ತಾಳೆ: "ಅಮ್ಮಾ, ಕೂಗೋದು ಆಯ್ತು."