ಕೆಟ್ಟು ಕಾಣುವ ಇ-ಮೇಲ್‌ಗಳನ್ನು ನಾನು ಸರಿಪಡಿಸುವ ಬಗೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಬರುವ ಲೇಖನಗಳನ್ನು ನಾನು ಮನೆಯ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶದ ಮೂಲಕ ತೆರೆಯುತ್ತೇನೆ; ಹೌಸಿಂಗ್ ಸೊಸೈಟಿಯ ಮರಾಠಿ ನೋಟಿಸುಗಳೂ ಅಲ್ಲಿಗೇ ಬರುತ್ತವೆ. ಆಗಾಗ ಒಂದೊಂದು ಮೇಲ್ ಅಕ್ಷರಗಳ ಬದಲು ಚಿಹ್ನೆಗಳ ಸಾಲಾಗಿ ಕಾಣಿಸುತ್ತದೆ. ಆಗ ಫಾಂಟ್ ಹುಡುಕಲು ಹೊರಡುವವರೇ ಹೆಚ್ಚು, ಆದರೆ ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಕಾಣುವುದು ಖಾಲಿ ಚೌಕಗಳು. ಆದ್ದರಿಂದ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಪಠ್ಯ ಯಾವ ರೀತಿಯಲ್ಲಿ ಕೆಟ್ಟಿದೆ ಎಂಬುದನ್ನು ನೋಡುತ್ತೇನೆ.

ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷಿನ ಸಣ್ಣ 'ಎ', ಅದರ ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಇವು ಮತ್ತೆ ಮತ್ತೆ ಬಂದರೆ ಅದು ಕನ್ನಡವೇ. ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು, ಅಂದರೆ 0ಯಿಂದ 255ರೊಳಗಿನ ಮೂರು ಸಂಖ್ಯೆಗಳು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಈ ಬೈಟ್‌ಗಳನ್ನು ಪಾಶ್ಚಾತ್ಯ ಅಕ್ಷರಪಟ್ಟಿಯ ಪ್ರಕಾರ ಒಂದೊಂದಾಗಿ ಓದಿದಾಗ ಆ 'ಎ' ಮತ್ತು ಪುಟ್ಟ ಅಂಕಿಗಳು ಹುಟ್ಟುತ್ತವೆ. ಮರಾಠಿಯಾದರೆ ಎರಡನೆಯ ಬೈಟ್ 164 ಅಥವಾ 165 ಆಗುವುದರಿಂದ ಅಂಕಿಯ ಜಾಗದಲ್ಲಿ ಹಣದ ಚಿಹ್ನೆಗಳು ಬರುತ್ತವೆ. ಸೊಸೈಟಿಯ ನೋಟಿಸಿನ ತುಂಬ ಜಪಾನಿನ ಯೆನ್ ಕಂಡರೆ ಮೆಂಟೆನನ್ಸ್ ಹೆಚ್ಚಾಯಿತೆಂದು ಗಾಬರಿಪಡಬೇಕಾಗಿಲ್ಲ.

ಇದಕ್ಕೆ ಮದ್ದು ಸುಲಭ. ವ್ಯೂ ಮೆನುವಿನ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಒತ್ತಿದರೆ ಸಾಮಾನ್ಯವಾಗಿ ಕನ್ನಡ ಮರಳಿ ಬರುತ್ತದೆ. ಬಾರದಿದ್ದರೆ ಕಂಟ್ರೋಲ್ ಮತ್ತು 'ಯು' ಕೀಲಿಗಳನ್ನು ಒಟ್ಟಿಗೆ ಒತ್ತಿ ಆ ಇ-ಮೇಲ್‌ನ ಮೂಲರೂಪವನ್ನು ತೆರೆಯುತ್ತೇನೆ. ಅಲ್ಲಿ 'ಚಾರ್‌ಸೆಟ್' ಎಂಬುದರ ಮುಂದೆ ಐಎಸ್ಒ-8859-1 ಅಥವಾ ವಿಂಡೋಸ್-1252 (ಎರಡೂ ಪಾಶ್ಚಾತ್ಯ ಅಕ್ಷರಪಟ್ಟಿಗಳ ಹೆಸರು) ಎಂದಿದ್ದರೆ, ಒಳಗಿನ ಸರಕು ಸರಿಯಾಗಿದ್ದು ಮೇಲಿನ ಚೀಟಿ ಮಾತ್ರ ತಪ್ಪಾಗಿದೆ ಎಂದರ್ಥ. ಆಗ ಮೇಲನ್ನು ಇಎಂಎಲ್ ಕಡತವಾಗಿ ಉಳಿಸಿ, ಅದನ್ನು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು, ಆ ಜಾಗದಲ್ಲಿ ಯುಟಿಎಫ್-8 ಎಂದು ಬರೆದು ಮತ್ತೆ ಥಂಡರ್‌ಬರ್ಡ್‌ನಲ್ಲಿ ತೆರೆದರೆ ಸಾಕು.

ಕೆಟ್ಟು ಕಂಡ ಪಠ್ಯವನ್ನೇ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಮಾತ್ರ ಕೆಲಸ ಹೆಚ್ಚು, ಏಕೆಂದರೆ ಆ ಚಿಹ್ನೆಗಳೇ ಈಗ ನಿಜವಾದ ಪಠ್ಯವಾಗಿ ಕೂತಿರುತ್ತವೆ. ಅವನ್ನು ನೋಟ್‌ಪ್ಯಾಡ್++ ಎಂಬ ಟೆಕ್ಸ್ಟ್ ಎಡಿಟರಿನಲ್ಲಿ 'ಆನ್ಸಿ', ಅಂದರೆ ಪಾಶ್ಚಾತ್ಯ ಅಕ್ಷರಪಟ್ಟಿಯ, ಕಡತಕ್ಕೆ ಅಂಟಿಸಿ, ಎನ್‌ಕೋಡಿಂಗ್ ಮೆನುವಿನಲ್ಲಿ ಯುಟಿಎಫ್-8 ಆರಿಸುತ್ತೇನೆ. 'ಕನ್ವರ್ಟ್' ಎಂದಿರುವುದನ್ನು ಆರಿಸಬಾರದು. ಆದರೂ ಎಲ್ಲವೂ ಮರಳುವ ಭರವಸೆಯಿಲ್ಲ. ಕೊಂಬಿನ ಕೊನೆಯ ಬೈಟ್ 129, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆಯದು 141. ವಿಂಡೋಸ್-1252 ಪಟ್ಟಿಯಲ್ಲಿ ಈ ಎರಡೂ ಮನೆಗಳು ಖಾಲಿ. ಹೀಗಾಗಿ ನಕಲು ಮಾಡುವ ದಾರಿಯಲ್ಲಿ ಅವು ಉದುರಿಹೋದರೆ 'ಸುಮ್ಮನೆ' ಎಂಬ ಪದದಲ್ಲಿ ಕೊಂಬೂ ಇಲ್ಲ, ಒತ್ತೂ ಇಲ್ಲ. ಅಲ್ಲಿಂದ ಮುಂದೆ ಅದು ಕರಡು ತಿದ್ದುವವರ ಕೆಲಸ.

ಹಿರಿಯ ಲೇಖಕರಿಂದ ಬರುವ ಮೇಲ್‌ಗಳಲ್ಲಿ ಓರೆಗೆರೆಯ ದೊಡ್ಡ 'ಎ', ನಡುನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುವುದುಂಟು. ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಲೇಖನ. ಪೌಂಡ್ ಇರುವಲ್ಲಿ 'ನ' ಇರುತ್ತದೆ. ಇಲ್ಲಿ ಎನ್‌ಕೋಡಿಂಗ್ ಬದಲಾಯಿಸಿ ಪ್ರಯೋಜನವಿಲ್ಲ, ಪಠ್ಯವನ್ನು ಯುನಿಕೋಡ್ ಪರಿವರ್ತಕಕ್ಕೆ ಹಾಕಬೇಕು.

ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಬಂದು, ಮೂಲರೂಪದಲ್ಲೂ ಅವೇ ಇದ್ದರೆ ಅಕ್ಷರಗಳು ದಾರಿಯಲ್ಲೇ ಅಳಿದಿರುತ್ತವೆ. ಆಗ ಸಮಯ ಕಳೆಯದೆ, ಲೇಖನವನ್ನು ಕಡತವಾಗಿ ಲಗತ್ತಿಸಿ ಇನ್ನೊಮ್ಮೆ ಕಳುಹಿಸಿ ಎಂದು ಲೇಖಕರಿಗೆ ಬರೆಯುತ್ತೇನೆ.